ಟನೆಲ್ ಒಳಗೆ ಎಷ್ಟು ಟ್ರಾಫಿಕ್ ಹೋಗ್ತಿದೆ? ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿ ನೋಡುವುದು ಹೀಗೆ

ನೆಟ್‌ವರ್ಕ್ ಪ್ಲಾನಿಂಗ್ ಸಾಫ್ಟ್‌ವೇರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ನಕ್ಷೆ, ಯಾವ ಲಿಂಕ್ ಎಷ್ಟು ಪರ್ಸೆಂಟ್ ತುಂಬಿದೆ ಅಂತ. ಹಸಿರು ಅಂದರೆ ಆರಾಮ, ಹಳದಿ ಅಂದರೆ ಹುಷಾರು, ಕೆಂಪು ಅಂದರೆ ಕೆಲಸ ಬಂತು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆ ಬಣ್ಣಗಳನ್ನು ಕಣ್ಣು ಮುಚ್ಚಿ ನಂಬಿದ್ದೆ. ಒಂದು ರಾತ್ರಿ ಎಲ್ಲೋ ಫೈಬರ್ ಕಟ್ ಆಯಿತು. ನನ್ನ ನಕ್ಷೆಯ ಪ್ರಕಾರ ಏನೂ ಆಗಬಾರದಿತ್ತು. ಆದರೆ ಬೆಳಗಿನವರೆಗೆ ಫೋನ್ ನಿಲ್ಲಲಿಲ್ಲ. ಬೆಳಿಗ್ಗೆ ಹಿರಿಯ ಸಹೋದ್ಯೋಗಿಯೊಬ್ಬರು ಬಂದು, ಸ್ಕ್ರೀನ್ ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದು ಯಾವುದರ ಪರ್ಸೆಂಟು ಮಾರಾಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಟನೆಲ್ ಅಂದರೆ ಒಂದು ರೂಟರ್‌ನಿಂದ ಇನ್ನೊಂದಕ್ಕೆ ಟ್ರಾಫಿಕ್ ಹೋಗಲು ಮೊದಲೇ ಹಾಕಿಟ್ಟ ದಾರಿ. ನಾನು ನೋಡುತ್ತಿದ್ದದ್ದು ಟನೆಲ್‌ಗಳು ಕಾಯ್ದಿರಿಸಿದ ಬ್ಯಾಂಡ್‌ವಿಡ್ತ್. ಅದರೊಳಗೆ ನಿಜವಾಗಿ ಹರಿಯುವ ಟ್ರಾಫಿಕ್ ಬೇರೆಯೇ ಇತ್ತು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಹೇಗೆ ಅನ್ನುವುದೇ ಈ ಲೇಖನ.

ಯಾವ ಸಾಫ್ಟ್‌ವೇರ್ ಅನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ. ಕ್ಯಾರಿಡೆನ್ ಕಂಪನಿಯ ಮೇಟ್ ಎಂಬ ಪ್ಲಾನಿಂಗ್ ಸಾಫ್ಟ್‌ವೇರ್ ಅನ್ನು 2012ರಲ್ಲಿ ರೂಟರ್ ಮಾಡುವ ಸಿಸ್ಕೊ ಕೊಂಡಿತು. ಅಂಥದ್ದೇ ಇನ್ನೊಂದು, ವ್ಯಾಂಡಲ್, ಸಿಸ್ಕೊದ ಎದುರಾಳಿ ಜುನಿಪರ್ ಪಾಲಾಯಿತು. ಹೆಸರು, ಮೆನು ಬದಲಾಗುತ್ತಲೇ ಇರುತ್ತವೆ. ಒಳಗಿನ ಲೆಕ್ಕ ಮಾತ್ರ ಅದೇ. ಒಬ್ಬರು ಟನೆಲ್ ಅಂದರೆ ಇನ್ನೊಬ್ಬರು ಎಲ್‌ಎಸ್‌ಪಿ (ಲೇಬಲ್ ಸ್ವಿಚ್ಡ್ ಪಾತ್) ಅನ್ನುತ್ತಾರೆ, ಅಷ್ಟೇ.

ಅಭ್ಯಾಸಕ್ಕೆ ಒಂದು ನೆಟ್‌ವರ್ಕ್

ನಿಮ್ಮ ಕಂಪನಿಯ ನೆಟ್‌ವರ್ಕ್ ಮೇಲೆ ಕಲಿಯಲು ಹೋಗಬೇಡಿ. ಸಾವಿರಾರು ಟನೆಲ್ ಇರುವ ನಕ್ಷೆಯಲ್ಲಿ ಏನೂ ತಿಳಿಯುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳನ್ನು ಜೋಡಿಸುತ್ತಿದ್ದ ಇಂಟರ್‌ನೆಟ್2 ಸಂಸ್ಥೆಯ ಅಬಿಲೀನ್ ನೆಟ್‌ವರ್ಕ್ ಇದಕ್ಕೆ ಹೇಳಿ ಮಾಡಿಸಿದ್ದು. ಅದು 2007ರಲ್ಲೇ ನಿಂತುಹೋಯಿತು. ಆದರೆ ಅದರ ನಕ್ಷೆ, 2004ರಲ್ಲಿ ಐದೈದು ನಿಮಿಷಕ್ಕೊಮ್ಮೆ ಅಳೆದ ಟ್ರಾಫಿಕ್ ಲೆಕ್ಕ, ಎರಡೂ ಈಗಲೂ ಸಾರ್ವಜನಿಕವಾಗಿ ಸಿಗುತ್ತವೆ. ಎಸ್‌ಎನ್‌ಡಿಲಿಬ್ ಎಂಬ ಸಂಗ್ರಹದಲ್ಲಿ ಹುಡುಕಿ.

ಊರಿನ ಲೆಕ್ಕದಲ್ಲಿ ಅಲ್ಲಿರುವುದು 11 ಜಾಗ, 14 ಲಿಂಕ್. ಫೈಲಿನಲ್ಲಿ 12 ಮತ್ತು 15 ಕಂಡರೆ ಗಾಬರಿಯಾಗಬೇಡಿ, ಅಟ್ಲಾಂಟಾದಲ್ಲಿ ಎರಡು ರೂಟರ್ ಇದ್ದವು. ಒಂದು ಹಾಳೆ ತೆಗೆದುಕೊಂಡು ಈ ಲಿಂಕ್‌ಗಳನ್ನು ಕೈಯಲ್ಲೇ ಗೀಚಿಕೊಳ್ಳಿ:

ಸಿಯಾಟಲ್–ಸನ್ನಿವೇಲ್, ಸಿಯಾಟಲ್–ಡೆನ್ವರ್, ಸನ್ನಿವೇಲ್–ಡೆನ್ವರ್, ಸನ್ನಿವೇಲ್–ಲಾಸ್ ಏಂಜಲೀಸ್, ಲಾಸ್ ಏಂಜಲೀಸ್–ಹ್ಯೂಸ್ಟನ್, ಡೆನ್ವರ್–ಕ್ಯಾನ್ಸಸ್ ಸಿಟಿ, ಕ್ಯಾನ್ಸಸ್ ಸಿಟಿ–ಹ್ಯೂಸ್ಟನ್, ಕ್ಯಾನ್ಸಸ್ ಸಿಟಿ–ಇಂಡಿಯಾನಾಪೊಲಿಸ್, ಹ್ಯೂಸ್ಟನ್–ಅಟ್ಲಾಂಟಾ, ಇಂಡಿಯಾನಾಪೊಲಿಸ್–ಅಟ್ಲಾಂಟಾ, ಇಂಡಿಯಾನಾಪೊಲಿಸ್–ಷಿಕಾಗೊ, ಷಿಕಾಗೊ–ನ್ಯೂಯಾರ್ಕ್, ಅಟ್ಲಾಂಟಾ–ವಾಷಿಂಗ್ಟನ್, ವಾಷಿಂಗ್ಟನ್–ನ್ಯೂಯಾರ್ಕ್.

ಎಲ್ಲಾ ಲಿಂಕ್‌ಗಳ ಸಾಮರ್ಥ್ಯ 9,920 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಒಂದು ಮಾತ್ರ ಬಡಪಾಯಿ. ಇಂಡಿಯಾನಾಪೊಲಿಸ್–ಅಟ್ಲಾಂಟಾ ಲಿಂಕಿಗೆ 2,480 ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಕತೆ ಇರುವುದೇ ಇಲ್ಲಿ.

ಲೆಕ್ಕ ಸುಲಭವಾಗಲಿ ಅಂತ ಎಲ್ಲಾ ಲಿಂಕಿಗೂ ಮೆಟ್ರಿಕ್ 10 ಕೊಡೋಣ. ಮೆಟ್ರಿಕ್ ಅಂದರೆ ಆ ಲಿಂಕ್ ದಾಟುವ ಖರ್ಚು; ಮೊತ್ತ ಕಡಿಮೆ ಇರುವ ದಾರಿಯೇ ರೂಟರ್‌ಗೆ ಹತ್ತಿರದ ದಾರಿ. ಟ್ರಾಫಿಕ್ ಅಂಕಿಗಳನ್ನೂ ನಾನೇ ದುಂಡಗೆ ಹಾಕಿಕೊಂಡಿದ್ದೇನೆ. ನ್ಯೂಯಾರ್ಕ್‌ಗೆ ಹೋಗುವ ಟ್ರಾಫಿಕ್ ಮಾತ್ರ ಸಾಕು, ಎಲ್ಲವೂ ಎಂಬಿಪಿಎಸ್‌ನಲ್ಲಿ: ಸಿಯಾಟಲ್ 900, ಸನ್ನಿವೇಲ್ 1,000, ಲಾಸ್ ಏಂಜಲೀಸ್ 1,400, ಡೆನ್ವರ್ 600, ಕ್ಯಾನ್ಸಸ್ ಸಿಟಿ 800, ಹ್ಯೂಸ್ಟನ್ 500, ಅಟ್ಲಾಂಟಾ 700, ಇಂಡಿಯಾನಾಪೊಲಿಸ್ 400, ಷಿಕಾಗೊ 1,600, ವಾಷಿಂಗ್ಟನ್ 1,500. ಸಾಫ್ಟ್‌ವೇರ್ ಭಾಷೆಯಲ್ಲಿ ಇವು ಡಿಮ್ಯಾಂಡ್‌ಗಳು. ಎಲ್ಲಿಂದ, ಎಲ್ಲಿಗೆ, ಎಷ್ಟು ಅಂತ ಮಾತ್ರ ಹೇಳುತ್ತವೆ. ಯಾವ ದಾರಿ ಅನ್ನುವುದು ಡಿಮ್ಯಾಂಡ್‌ನಲ್ಲಿ ಇರುವುದಿಲ್ಲ.

ಹೆಜ್ಜೆ 1: ಟನೆಲ್ ಹಾಕಿ

ಕ್ಯಾನ್ಸಸ್ ಸಿಟಿಯಿಂದ ನ್ಯೂಯಾರ್ಕ್‌ಗೆ ಹತ್ತಿರದ ದಾರಿ ಇಂಡಿಯಾನಾಪೊಲಿಸ್, ಷಿಕಾಗೊ ಮೇಲೆ. ಮೆಟ್ರಿಕ್ 30. ಷಿಕಾಗೊ ಕಡೆ ಹೊರೆ ಕಡಿಮೆ ಮಾಡಬೇಕು ಅಂತ ಯಾರೋ ದಕ್ಷಿಣದ ಕಡೆಯಿಂದ ಟನೆಲ್ ಹಾಕಿದ್ದಾರೆ ಅಂದುಕೊಳ್ಳಿ. ಹೆಸರು ಟಿ1. ಮೊದಲ ದಾರಿ: ಹ್ಯೂಸ್ಟನ್, ಅಟ್ಲಾಂಟಾ, ವಾಷಿಂಗ್ಟನ್, ನ್ಯೂಯಾರ್ಕ್. ಅದು ಕೆಟ್ಟರೆ ಎರಡನೇ ದಾರಿ: ವಾಷಿಂಗ್ಟನ್ ಮುಟ್ಟಿಕೊಂಡು ಹೋಗು, ನಡುವೆ ಹೇಗೆ ಹೋಗುತ್ತೀಯೋ ನಿನ್ನಿಷ್ಟ. ರಿಸರ್ವೇಶನ್ 800 ಎಂಬಿಪಿಎಸ್. ಏಕೆಂದರೆ ಕ್ಯಾನ್ಸಸ್ ಸಿಟಿಯ ಡಿಮ್ಯಾಂಡ್ 800. ಸರಿಯಾಗೇ ಇದೆ ಅಲ್ವಾ?

ಟನೆಲ್ ಒಂದೇ ದಿಕ್ಕಿನದು ಅನ್ನುವುದನ್ನು ಮರೆಯಬೇಡಿ. ನ್ಯೂಯಾರ್ಕ್‌ನಿಂದ ವಾಪಸ್ ಬರುವ ಟ್ರಾಫಿಕ್ ಷಿಕಾಗೊ ಮೇಲೇ ಬರುತ್ತದೆ. ನಕ್ಷೆಯಲ್ಲಿ ಲಿಂಕಿನ ಎರಡು ಅರ್ಧಕ್ಕೆ ಎರಡು ಬಣ್ಣ ಇರುವುದು ಇದಕ್ಕೇ.

ಹೆಜ್ಜೆ 2: ರಿಸರ್ವೇಶನ್ ನೋಟ ಯಾವುದು, ಟ್ರಾಫಿಕ್ ನೋಟ ಯಾವುದು ಅಂತ ಗುರುತಿಸಿ

ಊರ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಆರ್‌ಎಸ್‌ವಿಪಿ (ಟನೆಲ್‌ಗೆ ಜಾಗ ಕಾಯ್ದಿರಿಸುವ ಪ್ರೋಟೊಕಾಲ್) ರಿಸರ್ವೇಶನ್ ಅಂದರೆ ಅದೇ. ಟವೆಲ್ ಒಂದು ಸೀಟಿನ ಮೇಲಿದೆ. ಬಸ್ ಹೊರಟಾಗ ಆ ಟವೆಲಿನ ಯಜಮಾನರು ಹೆಂಡತಿ, ಇಬ್ಬರು ಮಕ್ಕಳು, ಒಂದು ಅಕ್ಕಿ ಮೂಟೆ ಜೊತೆ ಹತ್ತಬಹುದು. ಯಾರೂ ತಡೆಯುವುದಿಲ್ಲ. ಆರ್‌ಎಫ್‌ಸಿ 3209 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯ ಪ್ರಕಾರ ಟನೆಲ್ ಕಟ್ಟುವಾಗ ದಾರಿಯ ಪ್ರತಿ ರೂಟರ್ ತನ್ನ ಪುಸ್ತಕದಲ್ಲಿ 800 ಅಂತ ಬರೆದುಕೊಳ್ಳುತ್ತದೆ. ಬೇರೆಯಾಗಿ ಪೊಲೀಸಿಂಗ್ (ಮಿತಿ ಮೀರಿದ್ದನ್ನು ತಡೆಯುವ ವ್ಯವಸ್ಥೆ) ಹಾಕದಿದ್ದರೆ ಅದು ಬರೀ ಪುಸ್ತಕದ ಲೆಕ್ಕ. 2,000 ಬಂದರೂ ಪ್ಯಾಕೆಟ್ ಮುಂದೆ ಹೋಗುತ್ತದೆ.

ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಎರಡು ನೋಟ ಇರುತ್ತವೆ. ಕೆಲವದರಲ್ಲಿ ಟನೆಲ್ ಲೇಯರ್, ಲೇಯರ್ 3 (ಇದೇ ಟ್ರಾಫಿಕ್ ನೋಟ) ಅಂತ ಬಟನ್ ಇರುತ್ತದೆ. ಇನ್ನು ಕೆಲವದರಲ್ಲಿ ಬಣ್ಣ ಯಾವುದರ ಮೇಲೆ ಅಂತ ಆರಿಸುವ ಡ್ರಾಪ್‌ಡೌನ್. ಅದರಲ್ಲಿ ಮೂರು ಸಾಮಾನ್ಯ: ರಿಸರ್ವ್ ಆದದ್ದು, ಸಿಮ್ಯುಲೇಶನ್ ಹೇಳುವ ಟ್ರಾಫಿಕ್, ಅಳೆದ ಟ್ರಾಫಿಕ್. ನಕ್ಷೆ ತೆರೆದ ತಕ್ಷಣ ಈಗ ಯಾವುದರಲ್ಲಿದ್ದೇನೆ ಅಂತ ನೋಡಿಕೊಳ್ಳುವುದು ಅಭ್ಯಾಸವಾಗಲಿ. ನಾನು ಸ್ಕ್ರೀನ್‌ಶಾಟ್ ಕಳಿಸುವಾಗ ಮೂಲೆಯಲ್ಲಿ ಅದನ್ನು ಬರೆದೇ ಕಳಿಸುತ್ತೇನೆ. ಒಮ್ಮೆ ಸುಟ್ಟುಕೊಂಡವನು ನಾನು.

ನಮ್ಮ ನೆಟ್‌ವರ್ಕ್‌ನಲ್ಲಿ ರಿಸರ್ವೇಶನ್ ನೋಟ ಹಾಕಿ. ಟಿ1 ದಾರಿಯ ಎಲ್ಲಾ ಲಿಂಕ್‌ಗಳೂ ಶೇ. 8. ಹಚ್ಚ ಹಸಿರು.

ಹೆಜ್ಜೆ 3: ಟನೆಲ್ ಒಳಗೆ ಟ್ರಾಫಿಕ್ ಹೇಗೆ ಹತ್ತುತ್ತದೆ ಅಂತ ಹೇಳಿಕೊಡಿ

ಜಾಸ್ತಿ ಜನ ಎಡವುವುದು ಇಲ್ಲಿ. ಟನೆಲ್ ಕಟ್ಟಿದ ಮಾತ್ರಕ್ಕೆ ಟ್ರಾಫಿಕ್ ಅದರೊಳಗೆ ಹೋಗುವುದಿಲ್ಲ. ರೂಟರ್‌ಗೆ ಹೇಳಬೇಕು. ಮುಖ್ಯವಾಗಿ ಮೂರು ದಾರಿ.

ಒಂದು, ಸ್ಟ್ಯಾಟಿಕ್ ರೂಟ್. ಇಂಥ ವಿಳಾಸಗಳಿಗೆ ಹೋಗುವುದು ಈ ಟನೆಲ್‌ಗೆ ಅಂತ ಕೈಯಲ್ಲಿ ಬರೆಯುವುದು. ಅನುಮಾನಕ್ಕೆ ಜಾಗವೇ ಇಲ್ಲ.

ಎರಡು, ಐಜಿಪಿ ಶಾರ್ಟ್‌ಕಟ್. ಐಜಿಪಿ ಅಂದರೆ ರೂಟರ್‌ಗಳು ತಮ್ಮೊಳಗೆ ಹತ್ತಿರದ ದಾರಿ ಲೆಕ್ಕ ಹಾಕುವ ಪ್ರೋಟೊಕಾಲ್. ಸಿಸ್ಕೊ ಕಡೆಯವರು ಆಟೊರೂಟ್ ಅನ್ನುತ್ತಾರೆ. 2004ರ ಆರ್‌ಎಫ್‌ಸಿ 3906 ಇದರ ಲೆಕ್ಕ ಹೇಳುತ್ತದೆ. ಟನೆಲ್ ಶುರುವಾಗುವ ರೂಟರ್ ಮಾತ್ರ ಅದನ್ನು ಒಂದು ಒಳದಾರಿ ಅಂತ ಬಳಸಿಕೊಳ್ಳುತ್ತದೆ. ಉಳಿದ ಯಾರಿಗೂ ಈ ಟನೆಲ್ ಇರುವುದೇ ಗೊತ್ತಿಲ್ಲ. ಬೇರೆ ಏನೂ ಹೇಳದಿದ್ದರೆ ಟನೆಲ್‌ನ ಮೆಟ್ರಿಕ್ ಅಂದರೆ ಅದರ ಕೊನೆಯ ರೂಟರ್‌ಗೆ ಇರುವ ಮಾಮೂಲಿ ಹತ್ತಿರದ ದಾರಿಯ ಮೆಟ್ರಿಕ್. ಟನೆಲ್ ಸುತ್ತಿ ಬಳಸಿ ಹೋದರೂ ಅಷ್ಟೇ. ಟಿ1 ನಾಲ್ಕು ಲಿಂಕ್ ದಾಟುತ್ತದೆ, ಆದರೂ ಅದರ ಮೆಟ್ರಿಕ್ 30.

ಮೂರು, ಫಾರ್ವರ್ಡಿಂಗ್ ಅಡ್ಜಸೆನ್ಸಿ. ಇಲ್ಲಿ ಟನೆಲ್ ಅನ್ನು ಒಂದು ಲಿಂಕ್ ಇದ್ದ ಹಾಗೆ ಎಲ್ಲಾ ರೂಟರ್‌ಗಳಿಗೂ ಸಾರಲಾಗುತ್ತದೆ. ಆಗ ದೂರದ ರೂಟರ್‌ಗಳೂ ದಾರಿ ಬದಲಿಸಬಹುದು. ಬೇಕೆಂದೇ ಬಳಸಿದರೆ ಒಳ್ಳೆಯದು, ಗೊತ್ತಿಲ್ಲದೆ ಆನ್ ಆಗಿದ್ದರೆ ಆ ದಿನ ಮನೆಗೆ ಹೋಗುವುದು ತಡ.

ಸಾಫ್ಟ್‌ವೇರ್ ರೂಟರ್‌ಗಳ ಕಾನ್ಫಿಗ್ ಓದಿಕೊಂಡಿದ್ದರೆ ಇದು ತಾನಾಗಿ ಬಂದಿರುತ್ತದೆ. ಕೈಯಲ್ಲಿ ಟನೆಲ್ ಸೇರಿಸಿದ್ದರೆ ಅದರ ಪ್ರಾಪರ್ಟಿ ತೆರೆದು ನೀವೇ ಆರಿಸಬೇಕು. ಟಿ1ಗೆ ಐಜಿಪಿ ಶಾರ್ಟ್‌ಕಟ್ ಆರಿಸಿ.

ಹೆಜ್ಜೆ 4: ಟನೆಲ್ ಕಡೆಯಿಂದ ನೋಡಿ

ಸಿಮ್ಯುಲೇಶನ್ ಓಡಿಸಿ. ಟನೆಲ್‌ಗಳ ಟೇಬಲ್ ತೆರೆದು ಟಿ1 ಸಾಲಿನಲ್ಲಿ ಟ್ರಾಫಿಕ್ ಕಾಲಂ ನೋಡಿ. 800 ಇರುತ್ತದೆ ಅಂದುಕೊಂಡಿದ್ದೀರಾ? ಅಲ್ಲಿರುವುದು 2,800.

ಎಲ್ಲಿಂದ ಬಂತು? ಟಿ1 ಮೇಲೆ ರೈಟ್ ಕ್ಲಿಕ್ ಮಾಡಿ, ಇದರ ಮೂಲಕ ಹೋಗುವ ಡಿಮ್ಯಾಂಡ್‌ಗಳನ್ನು ತೋರಿಸು ಅನ್ನುವ ಆಯ್ಕೆ ಹುಡುಕಿ. ನಾಲ್ಕು ಸಾಲು ಬರುತ್ತವೆ. ಕ್ಯಾನ್ಸಸ್ ಸಿಟಿಯ 800 ಗೊತ್ತಿದ್ದದ್ದೇ. ಡೆನ್ವರ್‌ನ 600 ಮತ್ತು ಸಿಯಾಟಲ್‌ನ 900 ಮಾಮೂಲಿ ದಾರಿಯಲ್ಲೇ ಕ್ಯಾನ್ಸಸ್ ಸಿಟಿಗೆ ಬಂದವು. ಅಲ್ಲಿನ ರೂಟರ್ ನ್ಯೂಯಾರ್ಕ್ ಅಂದ ತಕ್ಷಣ ಎಲ್ಲರನ್ನೂ ಟನೆಲ್‌ಗೆ ತಳ್ಳಿತು. ಯಾವ ಊರಿಂದ ಬಂದೆ ಅಂತ ಅದು ಕೇಳುವುದಿಲ್ಲ.

ನಾಲ್ಕನೆಯದು ಸ್ವಲ್ಪ ಮಜವಾಗಿದೆ. ಸನ್ನಿವೇಲ್‌ನಿಂದ 500. ಆದರೆ ಅದರ ಡಿಮ್ಯಾಂಡ್ 1,000 ಅಲ್ವಾ? ಹೌದು. ಸನ್ನಿವೇಲ್‌ನಿಂದ ನ್ಯೂಯಾರ್ಕ್‌ಗೆ ಡೆನ್ವರ್ ಮೇಲೆ ಹೋದರೂ 50, ಲಾಸ್ ಏಂಜಲೀಸ್ ಮೇಲೆ ಹೋದರೂ 50. ಎರಡೂ ಸಮ, ಹಾಗಾಗಿ ಅರ್ಧ ಅರ್ಧ. ಡೆನ್ವರ್ ಕಡೆಯ ಅರ್ಧ ಮಾತ್ರ ಟಿ1 ಹತ್ತುತ್ತದೆ.

ವಾಷಿಂಗ್ಟನ್‌ಗೆ ಹೋಗುವ ಟ್ರಾಫಿಕ್ ಈ ಟನೆಲ್ ಹತ್ತುತ್ತದಾ ಅಂತ ಕೇಳಬಹುದು. ಟನೆಲ್ ಹೋಗುವುದು ವಾಷಿಂಗ್ಟನ್ ಮೇಲೇ ತಾನೇ? ಇಲ್ಲ, ಹತ್ತುವುದಿಲ್ಲ. ಇದು ನಾನ್‌ಸ್ಟಾಪ್ ಬಸ್. ನ್ಯೂಯಾರ್ಕ್ ತಲುಪಿ ವಾಪಸ್ ಬಂದರೆ ವಾಷಿಂಗ್ಟನ್ 40, ಮಾಮೂಲಿ ದಾರಿಯಲ್ಲಿ 30. ರೂಟರ್‌ಗೆ ಲೆಕ್ಕ ಗೊತ್ತು.

ಹೆಜ್ಜೆ 5: ಲಿಂಕ್ ಕಡೆಯಿಂದ ನೋಡಿ

ಈಗ ಉಲ್ಟಾ. ವಾಷಿಂಗ್ಟನ್–ನ್ಯೂಯಾರ್ಕ್ ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ. ಈ ಲಿಂಕ್ ಮೂಲಕ ಹೋಗುವ ಟನೆಲ್‌ಗಳು ಅಂತ ಕೇಳಿದರೆ ಟಿ1 ಒಂದೇ ಬರುತ್ತದೆ, 2,800. ಡಿಮ್ಯಾಂಡ್‌ಗಳು ಅಂತ ಕೇಳಿದರೆ ದೊಡ್ಡ ಪಟ್ಟಿ. ಟನೆಲ್ ಹತ್ತದೆ ಬಂದವರೂ ಇದ್ದಾರೆ: ಸನ್ನಿವೇಲ್‌ನ ಉಳಿದ 500, ಲಾಸ್ ಏಂಜಲೀಸ್ 1,400, ಹ್ಯೂಸ್ಟನ್ 500, ಅಟ್ಲಾಂಟಾ 700, ವಾಷಿಂಗ್ಟನ್ 1,500. ಒಟ್ಟು 4,600. ಟನೆಲ್‌ದೂ ಸೇರಿ 7,400. ಹತ್ತಿರ ಹತ್ತಿರ ಶೇ. 75.

ರಿಸರ್ವೇಶನ್ ನೋಟದಲ್ಲಿ ಇದೇ ಲಿಂಕ್ ಶೇ. 8 ಇತ್ತು.

ಒಂದು ಪಟ್ಟಿ ನೋಡಿ ಬಿಡಬೇಡಿ, ಎರಡನ್ನೂ ಪಕ್ಕಪಕ್ಕ ಇಡಿ. ಟನೆಲ್ ಪಟ್ಟಿಯ ಮೊತ್ತ ಮತ್ತು ಲಿಂಕಿನ ಒಟ್ಟು ಟ್ರಾಫಿಕ್, ಇವೆರಡರ ವ್ಯತ್ಯಾಸವೇ ಟನೆಲ್ ಹೊರಗಿನ ಟ್ರಾಫಿಕ್. ಟನೆಲ್ ಕಟ್ಟುವ ಲೆಕ್ಕಕ್ಕೆ ಈ ಹೊರಗಿನದು ಕಾಣುವುದೇ ಇಲ್ಲ.

ಹೆಜ್ಜೆ 6: ಲಿಂಕ್ ಕಡಿಯಿರಿ

ಇಷ್ಟು ಮಾಡಿದ್ದು ಇದಕ್ಕೇ. ಹ್ಯೂಸ್ಟನ್–ಅಟ್ಲಾಂಟಾ ಲಿಂಕ್ ಆರಿಸಿ, ಫೇಲ್ ಮಾಡಿ, ಸಿಮ್ಯುಲೇಶನ್ ಓಡಿಸಿ.

ಟಿ1ರ ಮೊದಲ ದಾರಿ ಸತ್ತಿತು. ಎರಡನೇ ದಾರಿ ಏನು? ವಾಷಿಂಗ್ಟನ್ ಮುಟ್ಟಿಕೊಂಡು ಹೋಗು. ಹತ್ತಿರದ್ದು ಇಂಡಿಯಾನಾಪೊಲಿಸ್, ಅಟ್ಲಾಂಟಾ, ವಾಷಿಂಗ್ಟನ್, ನ್ಯೂಯಾರ್ಕ್. ನಡುವೆ ನಮ್ಮ ಬಡಪಾಯಿ ಲಿಂಕ್, 2,480. ಟನೆಲ್ ಕೇಳುತ್ತಿರುವುದು 800. ಜಾಗ ಇದೆ, ಬಾ ಅಂದಿತು. ರಿಸರ್ವೇಶನ್ ನೋಟದಲ್ಲಿ ಆ ಲಿಂಕ್ ಶೇ. 32. ಈಗಲೂ ಹಸಿರು. ನನ್ನ ಆ ರಾತ್ರಿಯ ನಕ್ಷೆ ಹೀಗೇ ಇತ್ತು.

ಟ್ರಾಫಿಕ್ ನೋಟಕ್ಕೆ ಬನ್ನಿ. ಟಿ1 ಈಗ 2,800 ಅಲ್ಲ, 5,200. ಸನ್ನಿವೇಲ್‌ಗೆ ಲಾಸ್ ಏಂಜಲೀಸ್ ಕಡೆಯ ದಾರಿ ಉದ್ದವಾಯಿತು, ಹಾಗಾಗಿ ಪೂರ್ತಿ 1,000 ಡೆನ್ವರ್ ಮೇಲೆ ಬಂತು. ಲಾಸ್ ಏಂಜಲೀಸ್‌ನ 1,400, ಹ್ಯೂಸ್ಟನ್‌ನ 500 ಬೇರೆ ದಾರಿ ಇಲ್ಲದೆ ಕ್ಯಾನ್ಸಸ್ ಸಿಟಿಗೆ ಬಂದವು, ಅಲ್ಲಿಂದ ಟನೆಲ್‌ಗೆ. 2,480ರ ಲಿಂಕಿನಲ್ಲಿ 5,200. ಶೇ. 210.

ಇನ್ನೊಂದು ವಿಷಯ ಗಮನಿಸಿ. ವಾಷಿಂಗ್ಟನ್–ನ್ಯೂಯಾರ್ಕ್ ಲಿಂಕ್‌ನಲ್ಲಿ ಮೊದಲೂ 7,400, ಈಗಲೂ 7,400. ಮುಂಚೆ ಟನೆಲ್ ಹೊರಗಿದ್ದವರು ಈಗ ಒಳಗಿದ್ದಾರೆ, ಅಷ್ಟೇ. ಅತಿ ಹೆಚ್ಚು ತುಂಬಿದ ಲಿಂಕ್ ಅದೇ ಅಂತ ಅದನ್ನೊಂದೇ ಕಾಯುತ್ತಾ ಕೂತವನಿಗೆ ಏನೂ ಗೊತ್ತಾಗುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ. ಎರಡನೇ ದಾರಿಯಿಂದ ವಾಷಿಂಗ್ಟನ್ ಷರತ್ತು ತೆಗೆಯಿರಿ. ಟನೆಲ್ ಇಂಡಿಯಾನಾಪೊಲಿಸ್, ಷಿಕಾಗೊ ಮೇಲೆ ಹೋಗುತ್ತದೆ. ಷಿಕಾಗೊ–ನ್ಯೂಯಾರ್ಕ್ ಲಿಂಕ್‌ನಲ್ಲಿ ಆಗ ಟಿ1ರ 5,200, ಇಂಡಿಯಾನಾಪೊಲಿಸ್ 400, ಷಿಕಾಗೊ 1,600, ಒಟ್ಟು 7,200. ಶೇ. 73. ಬಿಗಿಯಾಗಿದೆ, ಆದರೆ ಬದುಕುತ್ತದೆ. ಜೊತೆಗೆ ರಿಸರ್ವೇಶನ್ ಅನ್ನೂ ನಿಜದ ಹತ್ತಿರ ತನ್ನಿ. ಆಮೇಲೆ 14 ಲಿಂಕ್‌ಗಳನ್ನೂ ಒಂದೊಂದಾಗಿ ಕಡಿದು ನೋಡಿ. ಎಲ್ಲವನ್ನೂ ತಾನೇ ಕಡಿದು, ಪ್ರತಿ ಲಿಂಕಿನ ಅತಿ ಕೆಟ್ಟ ಸ್ಥಿತಿ ತೋರಿಸುವ ಆಯ್ಕೆ ಇಂಥ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ.

ಆಟೊ ಬ್ಯಾಂಡ್‌ವಿಡ್ತ್ ಹಾಕಿದರೆ ರಿಸರ್ವೇಶನ್ ತಾನೇ ಸರಿಹೋಗುತ್ತದಲ್ಲ ಅನ್ನುವವರಿದ್ದಾರೆ. ಹೋಗುತ್ತದೆ, ನಿಧಾನವಾಗಿ. ಸಿಸ್ಕೊ, ಜುನಿಪರ್ ಎರಡರಲ್ಲೂ ಡೀಫಾಲ್ಟ್ 24 ಗಂಟೆಗೊಮ್ಮೆ. ಫೈಬರ್ ಕಟ್ ಅಷ್ಟು ಹೊತ್ತು ಕಾಯುವುದಿಲ್ಲ. ಇನ್ನು ಸೆಗ್ಮೆಂಟ್ ರೂಟಿಂಗ್‌ಗೆ (ದಾರಿಯನ್ನು ಪ್ಯಾಕೆಟ್ ಮೇಲೇ ಬರೆದು ಕಳಿಸುವ ವಿಧಾನ) ಹೋಗಿದ್ದರೆ ದಾರಿಯ ರೂಟರ್‌ಗಳಲ್ಲಿ ಟವೆಲ್ ಹಾಕುವ ಪದ್ಧತಿಯೇ ಇಲ್ಲ. ಅಲ್ಲಿ ಈ ಟ್ರಾಫಿಕ್ ನೋಟ ಬಿಟ್ಟರೆ ಗತಿಯಿಲ್ಲ.

ಹೆಜ್ಜೆ 7: ರೂಟರ್ ಹೇಳುವುದರ ಜೊತೆ ತಾಳೆ ನೋಡಿ

ಸಿಮ್ಯುಲೇಶನ್ ಅಂದರೆ ನಾವು ಕೊಟ್ಟ ಅಂಕಿಗಳ ಮೇಲಿನ ಲೆಕ್ಕ. ನಿಜ ಗೊತ್ತಿರುವುದು ರೂಟರ್‌ಗೆ. ಟನೆಲ್ ಶುರುವಾಗುವ ರೂಟರ್‌ನಲ್ಲೇ ಓದಿ. ಸಿಸ್ಕೊದಲ್ಲಿ ಟನೆಲ್ ಒಂದು ಇಂಟರ್‌ಫೇಸ್ ಇದ್ದ ಹಾಗೆ, ಅದರ ಕೌಂಟರ್ ಓದಬಹುದು. ಜುನಿಪರ್‌ನಲ್ಲಿ ‘ಶೋ ಎಂಪಿಎಲ್‌ಎಸ್ ಎಲ್‌ಎಸ್‌ಪಿ ಸ್ಟ್ಯಾಟಿಸ್ಟಿಕ್ಸ್’ ಎಂಬ ಕಮಾಂಡ್. ಅದಕ್ಕೆ ಮೊದಲು ಸ್ಟ್ಯಾಟಿಸ್ಟಿಕ್ಸ್ ಆನ್ ಮಾಡಿರಬೇಕು, ಇಲ್ಲದಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ.

ಕೊನೆಯ ಲಿಂಕಿನಲ್ಲಿ ನಿಂತು ಲೇಬಲ್ (ಪ್ಯಾಕೆಟ್ ಯಾವ ಟನೆಲ್‌ನದು ಅಂತ ಹೇಳುವ ಗುರುತು) ಎಣಿಸಲು ಹೋಗಬೇಡಿ. ಸಾಮಾನ್ಯವಾಗಿ ಟನೆಲ್‌ನ ಲೇಬಲ್ ಕೊನೆಗಿಂತ ಒಂದು ರೂಟರ್ ಮುಂಚೆಯೇ ಕಳಚಿಬಿಡುತ್ತದೆ. ವಾಷಿಂಗ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಟಿ1ರ ಪ್ಯಾಕೆಟ್‌ಗೆ ಆ ಗುರುತೇ ಇರುವುದಿಲ್ಲ.

ಅಂಕಿ ಆಮದು ಮಾಡುವಾಗ ಮೂರು ಕಡೆ ಕಣ್ಣಿಡಿ. ಕೌಂಟರ್ ಬೈಟ್‌ನಲ್ಲಿರುತ್ತದೆ, ಸಾಫ್ಟ್‌ವೇರ್ ಬಿಟ್ ಕೇಳುತ್ತದೆ. ಎಂಟು ಪಟ್ಟು ತಪ್ಪು ಅಂದರೆ ಕಾರಣ ಇದೇ. ಕೌಂಟರ್ 64 ಬಿಟ್‌ನದೇ ಆಗಿರಲಿ. 32 ಬಿಟ್‌ನದು 1 ಜಿಬಿಪಿಎಸ್ ವೇಗದಲ್ಲಿ ಸುಮಾರು 34 ಸೆಕೆಂಡಿಗೆ ಸುತ್ತು ಹೊಡೆದು ಸೊನ್ನೆಗೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ಸಿಗುವುದು ಕಸ. ಮೂರನೆಯದು, ಲಿಂಕಿನ ಅಳತೆಯಲ್ಲಿ ಟನೆಲ್ ಟ್ರಾಫಿಕ್ ಆಗಲೇ ಸೇರಿದೆ. ಟನೆಲ್ ಅಂಕಿಯಿಂದ ಒಮ್ಮೆ, ಲಿಂಕ್ ಅಂಕಿಯಿಂದ ಒಮ್ಮೆ ಡಿಮ್ಯಾಂಡ್ ಮಾಡಿಕೊಂಡರೆ ಒಂದೇ ಪ್ಯಾಕೆಟ್ ಎರಡು ಸಲ ಎಣಿಕೆಯಾಗುತ್ತದೆ.

ಎಲ್ಲಾ ಸರಿಯಿದ್ದೂ ಅಂಕಿ ಹೊಂದುವುದಿಲ್ಲ ಅಂದುಕೊಳ್ಳಿ. ಟಿ1ರಲ್ಲಿ 2,800 ಇರಬೇಕು ಅಂತ ಸಾಫ್ಟ್‌ವೇರ್ ಅನ್ನುತ್ತದೆ, ರೂಟರ್ 2,310 ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲಾ ಡಿಮ್ಯಾಂಡ್‌ಗಳನ್ನೂ ಒಂದೇ ಅಳತೆಯಲ್ಲಿ ಇಳಿಸಿ ಹೊಂದಿಸುವ ಆಸೆ ಬರುತ್ತದೆ. ಮಾಡಬೇಡಿ. ಮೊದಲು ವ್ಯತ್ಯಾಸ ನೋಡಿ. 490. ಈ ಟನೆಲ್ ಹತ್ತಿದವರಲ್ಲಿ 490ರ ಹತ್ತಿರ ಇರುವವರು ಯಾರು? ಸನ್ನಿವೇಲ್‌ನ ಅರ್ಧ, 500. ಅದು ಡೆನ್ವರ್ ಕಡೆ ಬರುತ್ತಲೇ ಇಲ್ಲ ಅಂತ ಕಾಣುತ್ತದೆ. ಲಾಸ್ ಏಂಜಲೀಸ್–ಹ್ಯೂಸ್ಟನ್ ಲಿಂಕ್‌ನ ಅಳತೆ ತೆಗೆಯಿರಿ. ಅಲ್ಲಿ ಸುಮಾರು 500 ಜಾಸ್ತಿ ಇದ್ದರೆ ಅನುಮಾನ ಖಾತ್ರಿ. ಸನ್ನಿವೇಲ್ ರೂಟರ್‌ಗೆ ಲಾಗಿನ್ ಆಗಿ ಡೆನ್ವರ್ ಕಡೆಯ ಲಿಂಕಿನ ಮೆಟ್ರಿಕ್ ನೋಡಿ. ನಿಮ್ಮ ಫೈಲಿನಲ್ಲಿ 10 ಇದ್ದು ಅಲ್ಲಿ 11 ಇದ್ದರೆ, ಯಾವಾಗ ಬದಲಾಯಿತು ಅಂತ ಚೇಂಜ್ ಲಾಗ್ ತೆಗೆದು ನೋಡಿ.